ಹಾಡು ಕೇಳುವ ಪ್ಲೇಯರ್ ಕೊಳ್ಳುವುದು ಹೇಗೆ: ಮೊದಲು ಹಾಡು, ಆಮೇಲೆ ಕಾರ್ಡ್, ಕೊನೆಗೆ ಪ್ಲೇಯರ್

ಪ್ಲೇಯರ್ ಕೊಂಡು ವಾರ ತುಂಬುವುದರೊಳಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ನಮೂನೆ. “ಕಾರ್ಡ್ ತಗೊಳ್ವಲ್ದು.” “ಅರ್ಧ ಹಾಡು ಓಡ್ತಾವ, ಅರ್ಧ ಓಡವಲ್ಲವು.” “ಮುಕ್ಕಾಲು ತಾಸು ಪ್ರವಚನ ಕೇಳಿ ಬಂದ್ ಮಾಡಿದ್ರ, ಮತ್ತ ಮೊದಲಿಂದ ಶುರು ಆಗತೈತಿ.” “ಹಾಡಿನ ಹೆಸರು ಇರೋ ಜಾಗದಾಗ ಬರೀ ಚೌಕ ಚೌಕ ಕಾಣ್ತಾವ.”

ಇವುಗಳಲ್ಲಿ ಯಂತ್ರವೇ ಕೆಟ್ಟದ್ದರಿಂದ ಬಂದದ್ದು ಕಡಿಮೆ. ಪ್ಲೇಯರ್ ಮೊದಲು ಕೊಂಡು, ಕಾರ್ಡ್ ಆಮೇಲೆ ತಂದು, ಹಾಡನ್ನು ಎಲ್ಲಕ್ಕಿಂತ ಕೊನೆಗೆ ಹುಡುಕಿದ್ದರಿಂದ ಬಂದವೇ ಹೆಚ್ಚು. ಈ ಸಾಲನ್ನು ತಿರುವಿ ಹಾಕಿದರೆ ಮುಕ್ಕಾಲು ತೊಂದರೆ ಅಂಗಡಿಯ ಕಟ್ಟೆಯ ಮೇಲೇ ಗೊತ್ತಾಗುತ್ತದೆ. ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ವಿಜಯಪುರಕ್ಕೆ ಬಂದು ಕೊಂಡವರಿಗೆ ಬದಲಿಸಲು ಮತ್ತೊಮ್ಮೆ ಬರುವುದೆಂದರೆ ಒಂದು ದಿನದ ಕೆಲಸ ಹೋದಂತೆಯೇ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ಸಿದೆ, ಗಂಡಸರಿಗೆ ಟಿಕೆಟ್ ಖರ್ಚು ಬೇರೆ.

ಹಂತಗಳನ್ನು ಹಾರಿಸಬೇಡಿ. ಅದರಲ್ಲೂ ನಾಲ್ಕು, ಐದು, ಆರನೆಯವನ್ನು.

## ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಒಂದು ಕಂಪ್ಯೂಟರ್ ಬೇಕು. ಸ್ವಂತದ್ದಿಲ್ಲದಿದ್ದರೆ ಕಾಲೇಜಿಗೆ ಹೋಗುವ ಮನೆ ಹುಡುಗರ ಲ್ಯಾಪ್‌ಟಾಪ್ ಒಂದು ಸಂಜೆಯ ಮಟ್ಟಿಗೆ ಸಿಕ್ಕರೂ ಸಾಕು. ಮೊಬೈಲಿನಲ್ಲೇ ಎಲ್ಲ ಮುಗಿಸಲು ಹೋದವರು ಕಾರ್ಡ್ ತಪಾಸಣೆಯ ಹಂತದಲ್ಲಿ ಸಿಕ್ಕಿಬೀಳುತ್ತಾರೆ.

ಅದರ ಜೊತೆಗೆ ಒಂದು ಕಾರ್ಡ್ ರೀಡರ್, ಎರಡೂ ಕಿವಿಗೆ ಸರಿಯಾಗಿ ಕೇಳಿಸುತ್ತದೆ ಎಂದು ನಿಮಗೆ ಗೊತ್ತಿರುವ 3.5 ಎಂಎಂ ಪಿನ್ನಿನ ತಂತಿ ಇಯರ್‌ಫೋನ್, ಒಂದು ತುದಿಗೆ ಹಳೆಯ ಅಗಲ ಯುಎಸ್‌ಬಿ ಮತ್ತು ಇನ್ನೊಂದು ತುದಿಗೆ ಟೈಪ್-ಸಿ ಇರುವ ಕೇಬಲ್, 5 ವೋಲ್ಟ್ 1 ಆಂಪಿಯರ್‌ನ ಸಾದಾ ಚಾರ್ಜರ್. ಚೀಟಿ, ಪೆನ್ನು.

## ಹಂತ 1: ಹಾಡು ನಿಜವಾಗಿಯೂ ನಿಮ್ಮ ಕೈಯಲ್ಲಿದೆಯೇ ನೋಡಿ

“ಮೊಬೈಲಿನ್ಯಾಗ ಸಾವಿರ ಹಾಡು ಡೌನ್‌ಲೋಡ್ ಮಾಡೀನಿ” ಎನ್ನುವವರು ಫೈಲ್ ಮ್ಯಾನೇಜರ್ ತೆರೆದು ಆ ಹಾಡಿನ ಫೈಲ್ ಸಿಗುತ್ತದೆಯೇ ಹುಡುಕಲಿ. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ನಂಥ ಆಪ್‌ಗಳಲ್ಲಿ ಇಳಿಸಿಕೊಂಡದ್ದು ಆ ಆಪ್‌ನೊಳಗೆ ಬೀಗ ಹಾಕಿಟ್ಟಿರುವ ರೂಪದಲ್ಲಿರುತ್ತದೆ. ಕಾರ್ಡಿಗೆ ಕಾಪಿ ಮಾಡಿದರೂ ಬೇರೆ ಪ್ಲೇಯರ್ ಅದನ್ನು ಓದುವುದಿಲ್ಲ. ಚಂದಾ ಮುಗಿದರೆ ಆ ಆಪ್ ಕೂಡ ಓದುವುದಿಲ್ಲ. ನಿಮ್ಮ ಸಂಗ್ರಹವೆಲ್ಲ ಇಂಥದೇ ಆಗಿದ್ದರೆ ಆಂಡ್ರಾಯ್ಡ್ ಇರುವ ಪ್ಲೇಯರ್ ಬೇಕು, ಇಲ್ಲವೇ ಮನೆಯಲ್ಲಿರುವ ಹಳೆಯ ಮೊಬೈಲನ್ನೇ ಹಾಡಿಗೆಂದು ಇಟ್ಟುಕೊಳ್ಳಿ. ಬೇರೆ ಯಾವುದೂ ನಿಮಗೆ ಆಗಿಬರುವುದಿಲ್ಲ.

ಫೈಲ್ ಸಿಕ್ಕಿತೆಂದರೆ ಅದರ ಹೆಸರಿನ ಬಾಲ ನೋಡಿ. ಎಂಪಿ3 ಆಗಿದ್ದರೆ ಚಿಂತೆಯಿಲ್ಲ, ಎಲ್ಲ ಪ್ಲೇಯರ್‌ಗಳೂ ಓದುತ್ತವೆ. ಎಂ4ಎ ಎಂದಿದ್ದರೆ ಅಗ್ಗದವು ಬಹುತೇಕ ಓದುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಧ್ವನಿ ಸಂದೇಶಗಳು ಓಪಸ್ ರೂಪದವು. ಭಜನಾ ಮಂಡಳಿಯವರು ಗ್ರೂಪ್‌ನಲ್ಲಿ ಹಾಡಿ ಕಳಿಸಿದ ಪದಗಳು ಪ್ಲೇಯರಿನಲ್ಲಿ ಮೂಕಾಗುವುದು ಇದೇ ಕಾರಣಕ್ಕೆ. ಹಳೆಯ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ ಅಜ್ಜಿಯ ಸೋಬಾನೆ ಪದ ಎಎಂಆರ್ ರೂಪದಲ್ಲಿರಬಹುದು. ಇವನ್ನೆಲ್ಲ ವಿಎಲ್‌ಸಿ ಅಥವಾ ಆಡಾಸಿಟಿಯಲ್ಲಿ ಎಂಪಿ3 ಮಾಡಿಕೊಳ್ಳಬಹುದು, ಎರಡೂ ಉಚಿತ. ಮೂಲ ಫೈಲ್ ಅಳಿಸಬೇಡಿ. ಒಂದು ರೂಪದಿಂದ ಇನ್ನೊಂದಕ್ಕೆ ಮಾಡಿದಾಗೆಲ್ಲ ಧ್ವನಿ ಚೂರು ಚೂರು ಸವೆಯುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಹೆಸರಿನ ಕೊನೆಯ ಎಂ4ಎ ಅಳಿಸಿ ಎಂಪಿ3 ಎಂದು ಬರೆದುಬಿಡುತ್ತಾರೆ. ಹೆಸರು ಬದಲಾದರೆ ಒಳಗಿನದು ಬದಲಾಗುವುದಿಲ್ಲ. ಪ್ಲೇಯರ್ ಆ ಫೈಲಿನ ಹತ್ತಿರ ಬಂದಾಗಲೆಲ್ಲ ತಡವರಿಸಿ ನಿಲ್ಲುತ್ತದೆ, ಬೈಗುಳ ಪ್ಲೇಯರಿಗೆ.

ಇನ್ನು ಲೆಕ್ಕ. 128 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಮಾಹಿತಿ ಎಂಬ ಅಳತೆ) ಎಂಪಿ3 ಒಂದು ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ, 320 ಕೆಬಿಪಿಎಸ್ ಆದರೆ ಸುಮಾರು 2.4 ಎಂಬಿ. ಧ್ವನಿ ಸವೆಯದಂತೆ ಇಡುವ ಫ್ಲ್ಯಾಕ್ ಎಂಬ ರೂಪ, ಸಿ.ಡಿ. ಗುಣಮಟ್ಟದ್ದಾದರೆ, ಹಾಡು ನೋಡಿಕೊಂಡು 5ರಿಂದ 7 ಎಂಬಿ. ಅಂದರೆ 32 ಜಿಬಿ ಕಾರ್ಡಿನಲ್ಲಿ 128ರ ಹಾಡು 500 ತಾಸಿಗೂ ಮೇಲೆ ಹಿಡಿಯುತ್ತವೆ. ದಿನಕ್ಕೆ ಮೂರು ತಾಸು ಕೇಳಿದರೂ ಒಂದು ಸುತ್ತು ಮುಗಿಯಲು ಐದಾರು ತಿಂಗಳು ಬೇಕು. ಎಂಪಿ3 ಮಾತ್ರ ಕೇಳುವವರಿಗೆ 256 ಜಿಬಿ ಕಾರ್ಡ್ ಮಾರಲು ಬಂದರೆ ನಕ್ಕು ಮುಂದೆ ಹೋಗಿ.

ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಡು ತುಂಬಿಸಿಕೊಂಡ ಕಾರ್ಡಿನ ಬಗ್ಗೆ ಒಂದು ಮಾತು. ಅವುಗಳಲ್ಲಿ ಒಂದೇ ಹಾಡು ನಾಲ್ಕು ಹೆಸರಲ್ಲಿರುತ್ತದೆ, ಹೆಸರಿನ ತುಂಬ ಯಾವುದೋ ವೆಬ್‌ಸೈಟಿನ ಜಾಹೀರಾತು, ಜೊತೆಗೆ ಬೇಡದ ಫೈಲುಗಳು. ನಮ್ಮ ಕಡೆಯ ಜಾನಪದ ಕಲಾವಿದರಿಗೆ ಅದರಿಂದ ಒಂದು ರೂಪಾಯಿಯೂ ಹೋಗುವುದಿಲ್ಲ ಎಂಬುದು ಬೇರೆ ಮಾತಾದರೂ ಸಣ್ಣ ಮಾತಲ್ಲ.

## ಹಂತ 2: ಕೇಳುವವರ ಕೈ ಏನು ಮಾಡುತ್ತಿರುತ್ತದೆ, ಬರೆದುಕೊಳ್ಳಿ

ಚೀಟಿಯ ಮೇಲೆ ಎರಡು ಸಾಲು: ಯಾರು ಕೇಳುತ್ತಾರೆ, ಕೇಳುವಾಗ ಅವರ ಕೈ ಯಾವ ಕೆಲಸದಲ್ಲಿರುತ್ತದೆ. ಮೊದಲನೆಯದಕ್ಕಿಂತ ಎರಡನೆಯ ಸಾಲೇ ಪ್ಲೇಯರನ್ನು ಆರಿಸಿಕೊಡುತ್ತದೆ.

ರಬಕವಿ-ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡದಲ್ಲಿ ಮಗ್ಗದ ಮುಂದಿರುವವರಿಗೆ ಟಚ್ ಸ್ಕ್ರೀನ್ ದಂಡ. ನೋಡದೆ ಬೆರಳಿಗೆ ಸಿಗುವ ಗುಂಡಿ ಬೇಕು, ಅರಳೆಯ ಧೂಳು ಒಳಗೆ ಹೋಗದಂತೆ ಕಾರ್ಡಿನ ಕಿಂಡಿಗೆ ಮುಚ್ಚಳ ಬೇಕು. ವಿದ್ಯುತ್ ಮಗ್ಗದ ಶೆಡ್ಡಿನ ಸದ್ದೇ ಸಾಮಾನ್ಯವಾಗಿ 90 ಡೆಸಿಬಲ್ ದಾಟಿರುತ್ತದೆ. ಅದರ ಮೇಲೆ ಹಾಡು ಕೇಳಿಸಲಿ ಎಂದು ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ತಾಸು. ಸದ್ದು 90ಕ್ಕೆ ಏರಿದರೆ ವಾರಕ್ಕೆ 4 ತಾಸಿಗೇ ಅದು ಮುಗಿಯುತ್ತದೆ. ಜೋರಾಗಿ ಕೂಗುವ ಪ್ಲೇಯರ್ ಇದಕ್ಕೆ ಪರಿಹಾರವಲ್ಲ. ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ರಬ್ಬರಿನ ಇಯರ್‌ಫೋನ್ ಹಾಕಿ ಸಣ್ಣ ದನಿಯಲ್ಲಿ ಕೇಳಬೇಕು, ಇಲ್ಲವೇ ಮಗ್ಗ ನಿಂತಾಗ ಕೇಳಬೇಕು.

ಹೊಲ, ಟ್ರ್ಯಾಕ್ಟರು, ಕಬ್ಬಿನ ಗಾಡಿಯವರಿಗೆ ಸ್ಪೀಕರ್ ಇರುವ ಡಬ್ಬಿಯೇ ಸರಿ. ಗಾಡಿ ಓಡಿಸುತ್ತ ಕಿವಿಗೆ ತಂತಿ ಸಿಕ್ಕಿಸಿಕೊಳ್ಳಬಾರದು, ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳಿಸುವುದಿಲ್ಲ.

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟ ಮೇಲೆ, ಪ್ರವಚನಕ್ಕೆ ಹೋಗಿ ಕೂರುತ್ತಿದ್ದ ಹಿರಿಯರಿಗೆ ಈಗ ಉಳಿದಿರುವುದು ರೆಕಾರ್ಡಿಂಗ್ ಮಾತ್ರ. ಅಪ್ಪನಿಗೋ ಅವ್ವನಿಗೋ ಅದನ್ನು ಕೇಳಿಸಲೆಂದು ಪ್ಲೇಯರ್ ಹುಡುಕುವವರು ಒಂದು ಗುಣವನ್ನು ಬಿಡದೆ ಕೇಳಬೇಕು: ಬಂದ್ ಮಾಡಿ ಮತ್ತೆ ಹಚ್ಚಿದಾಗ ನಿಂತಲ್ಲಿಂದಲೇ ಮುಂದುವರಿಯಬೇಕು. ನಾಲ್ಕು ನಿಮಿಷದ ಹಾಡಿಗೆ ಈ ಗುಣವಿಲ್ಲದಿದ್ದರೂ ನಡೆಯುತ್ತದೆ, ತಾಸುಗಟ್ಟಲೆಯ ಮಾತಿಗೆ ನಡೆಯುವುದಿಲ್ಲ. ಹಿರಿಯರಿಗೆ ಎರಡನೆಯ ಅಗತ್ಯ, ದೊಡ್ಡ ಗುಂಡಿ. ಮೂರನೆಯದು ಇಲ್ಲ. ಅವರಿಗೆ ಬಣ್ಣದ ಪರದೆ, ವಿಡಿಯೋ ಎಲ್ಲ ಗೋಜಲು.

ಕುಮಾರ ಗಂಧರ್ವರ ಹುಟ್ಟೂರು ಸುಳೇಭಾವಿ ಬೆಳಗಾವಿಗೆ ಹತ್ತಿರ. ಆ ಸೀಮೆಯಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳೂ ಸಾಕಷ್ಟು ಇದ್ದಾರೆ. ಅವರು ನೋಡಬೇಕಾದದ್ದು ಎ-ಬಿ ರಿಪೀಟ್. ಒಂದು ತಾನಿನ ಆದಿ-ಅಂತ್ಯ ಗುರುತು ಮಾಡಿಟ್ಟು ಅದನ್ನೇ ಮತ್ತೆ ಮತ್ತೆ ಕೇಳುವ ಸೌಲಭ್ಯ ಇದು. ದುಬಾರಿ ಪ್ಲೇಯರ್‌ಗಳಲ್ಲೇ ಎಷ್ಟೋ ಸಲ ಇರುವುದಿಲ್ಲ, ಸಾಧಾರಣ ಬೆಲೆಯವುಗಳಲ್ಲಿ ಸಿಗುತ್ತದೆ.

ರೇಡಿಯೋ ಬೇಕೆನ್ನುವವರಿಗೆ: ಇಯರ್‌ಫೋನಿನ ತಂತಿಯೇ ಎಫ್‌ಎಂಗೆ ಆಂಟೆನಾ. ತಂತಿ ಸಿಕ್ಕಿಸದಿದ್ದರೆ ಬರೀ ಗೊರಗೊರ. ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ ಇಂಥ ಎಫ್‌ಎಂ ರೇಡಿಯೋದಲ್ಲಿ ಸಿಗುವುದಿಲ್ಲ.

## ಹಂತ 3: ಬಗೆ ಗೊತ್ತುಮಾಡಿ, ಮಾಡೆಲ್ ಈಗಲೇ ಬೇಡ

ಕೆಲವು ನೂರು ರೂಪಾಯಿಗೆ ಸಿಗುವ ಪರದೆಯಿಲ್ಲದ ಕ್ಲಿಪ್ ಪ್ಲೇಯರ್ ಎಂಪಿ3 ಓದುತ್ತದೆ, 32 ಜಿಬಿವರೆಗಿನ ಕಾರ್ಡ್ ಹಿಡಿಯುತ್ತದೆ, ಅಷ್ಟೇ. ಹುಡುಗರ ಕೈಗೆ, ವಾಕಿಂಗಿಗೆ ಸಾಕು. ಪ್ರವಚನಕ್ಕೆ ಬೇಡವೇ ಬೇಡ, ಹುಡುಕಿದ ಫೈಲ್ ಸಿಗುವಷ್ಟರಲ್ಲಿ ಹಿರಿಯರ ತಾಳ್ಮೆ ಮುಗಿದಿರುತ್ತದೆ.

ಸ್ಪೀಕರ್, ಎಫ್‌ಎಂ, ಪೆನ್‌ಡ್ರೈವ್ ಕಿಂಡಿ ಇರುವ ಡಬ್ಬಿಗಳಲ್ಲಿ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಿಸಲು ಬರುವಂಥದನ್ನೇ ಆರಿಸಿ. ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿ ಹಾಕುವ ಡಬ್ಬಿಯಾದರೆ ತಾಲೂಕು ಊರಲ್ಲೂ ಬ್ಯಾಟರಿ ಸಿಗುತ್ತದೆ. ಅಂಟಿಸಿದ ಬ್ಯಾಟರಿಯದಾದರೆ ಬ್ಯಾಟರಿಯ ಆಯುಷ್ಯವೇ ಡಬ್ಬಿಯ ಆಯುಷ್ಯ.

ಕಾರ್ಡ್ ಕಿಂಡಿ ಇರುವ ಕೀಪ್ಯಾಡ್ ಫೋನನ್ನು ಯಾರೂ ಪ್ಲೇಯರ್ ಎಂದು ಎಣಿಸುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಹಿರಿಯರಿಗೆ, ಹೊಲದವರಿಗೆ ಅದೇ ಮೊದಲ ಆಯ್ಕೆ. ಗಟ್ಟಿ ಗುಂಡಿ, ದಿನಗಟ್ಟಲೆ ಚಾರ್ಜು, ಸ್ಪೀಕರ್, ಬ್ಯಾಟರಿ ಬದಲಿಸಬಹುದು, ರಿಪೇರಿಗೆ ಓಣಿಗೊಬ್ಬರು. ಬಹಳಷ್ಟು ಮಾಡೆಲ್‌ಗಳು ಸಿಮ್ ಇಲ್ಲದೆಯೂ ಹಾಡುತ್ತವೆ. ಅದನ್ನೂ ಅಂಗಡಿಯಲ್ಲೇ ನೋಡಿಕೊಳ್ಳಿ.

ಸಣ್ಣ ಪರದೆ, ಬ್ಲೂಟೂತ್, ಫ್ಲ್ಯಾಕ್ ಇರುವ ನಡುವಿನ ಬೆಲೆಯವುಗಳಲ್ಲಿ ಹೆಸರು ಕೇಳದ ಕಂಪನಿಗಳೇ ಹೆಚ್ಚು. ಒಂದೇ ಯಂತ್ರ ಐದು ಹೆಸರಲ್ಲಿ ಬರುತ್ತದೆ. ಇಲ್ಲಿ ಬ್ರ್ಯಾಂಡ್ ನೋಡಿ ಪ್ರಯೋಜನವಿಲ್ಲ, ಆರನೆಯ ಹಂತದ ಪರೀಕ್ಷೆಯೇ ಗತಿ.

ಮೇಲಿನ ಸಾಲಿನಲ್ಲಿ ಸೋನಿ ವಾಕ್‌ಮನ್, ಫಿಯೋ, ಹೈಬಿ, ಶಾನ್ಲಿಂಗ್ ಇವೆ. ಸೋನಿಯ ಎನ್‌ಡಬ್ಲ್ಯೂ-ಎ306 ಆಂಡ್ರಾಯ್ಡ್ ಮೇಲೆ ನಡೆಯುತ್ತದೆ, ಆಪ್ ಹಾಕಿಕೊಳ್ಳಬಹುದು. 2023ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 25,990 ರೂಪಾಯಿ. ಫ್ಲ್ಯಾಕ್ ಸಂಗ್ರಹವಿದ್ದು, ಒಳ್ಳೆಯ ಹೆಡ್‌ಫೋನ್ ಕೂಡ ಇದ್ದವರಿಗೆ ಮಾತ್ರ ಈ ಖರ್ಚು ಕಿವಿಗೆ ತಿಳಿಯುತ್ತದೆ. 128ರ ಎಂಪಿ3 ಅದರಲ್ಲಿ ಹಾಕಿದರೆ 128ರ ಎಂಪಿ3 ಆಗಿಯೇ ಕೇಳಿಸುತ್ತದೆ.

ಸೆಕೆಂಡ್ ಹ್ಯಾಂಡ್ ಐಪಾಡ್ ತೋರಿಸಿದರೆ ಹುಷಾರು. ಆಪಲ್ 2022ರಲ್ಲೇ ಐಪಾಡ್ ನಿಲ್ಲಿಸಿದೆ. ಅದಕ್ಕೆ ಕಾರ್ಡ್ ಕಿಂಡಿಯಿಲ್ಲ, ಹಾಡು ಸುಮ್ಮನೆ ಕಾಪಿ ಮಾಡಲು ಬರುವುದಿಲ್ಲ, ಕಂಪ್ಯೂಟರಿನಲ್ಲಿ ಐಟ್ಯೂನ್ಸ್‌ನಂಥ ತಂತ್ರಾಂಶದ ಮೂಲಕವೇ ಹೋಗಬೇಕು, ಫ್ಲ್ಯಾಕ್ ಓದುವುದಿಲ್ಲ, ಬ್ಯಾಟರಿ ಮುದಿಯಾಗಿರುತ್ತದೆ. ಗೊತ್ತಿದ್ದವರು ಹವ್ಯಾಸಕ್ಕೆ ಕೊಳ್ಳಲಿ.

## ಹಂತ 4: ಕಾರ್ಡ್ ಕೊಂಡು ಸಾಚಾ ಇದೆಯೇ ಪರೀಕ್ಷಿಸಿ

ಇನ್ನೂ ಪ್ಲೇಯರ್ ಕೊಂಡಿಲ್ಲ, ನೆನಪಿರಲಿ.

ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ 32 ಜಿಬಿವರೆಗಿನವು ಒಂದು ಜಾತಿ, ಅದರ ಮೇಲಿನವು ಇನ್ನೊಂದು. ಕಾರ್ಡಿನೊಳಗೆ ಫೈಲುಗಳನ್ನು ಜೋಡಿಸಿಡುವ ಕ್ರಮ ಎರಡರಲ್ಲೂ ಬೇರೆ: ಮೊದಲನೆಯವು ಅಂಗಡಿಯಿಂದ ಬರುವಾಗಲೇ ಫ್ಯಾಟ್32 ಎಂಬ ಕ್ರಮದಲ್ಲಿರುತ್ತವೆ, 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ಅಗ್ಗದ ಪ್ಲೇಯರಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. “ಕಾರ್ಡ್ ತಗೊಳ್ವಲ್ದು” ಎಂಬ ದೂರಿನ ಮುಖ್ಯ ಬೇರು ಇದೇ. ದೊಡ್ಡ ಕಾರ್ಡನ್ನು ಬೇರೆ ತಂತ್ರಾಂಶ ಹಾಕಿ ಫ್ಯಾಟ್32 ಮಾಡಬಹುದು, ಆದರೆ ಆ ಉಸಾಬರಿ ಯಾಕೆ? ಫ್ಲ್ಯಾಕ್ ಸಂಗ್ರಹ ಇಲ್ಲದವರು 32 ಜಿಬಿಯದನ್ನೇ ತನ್ನಿ.

ಈಗ ನಕಲಿ ಕಾರ್ಡಿನ ಸಂಗತಿ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ, ಆನ್‌ಲೈನಿನಲ್ಲೂ 512 ಜಿಬಿ ಎಂದು ಬರೆದ ಕಾರ್ಡ್ ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಗುತ್ತದೆ. ಒಳಗಿರುವುದು 8 ಜಿಬಿಯೋ 16 ಜಿಬಿಯೋ. ಕಾರ್ಡಿನ ಒಳಗಿನ ಚಿಪ್ಪಿಗೇ ಸುಳ್ಳು ಹೇಳಲು ಕಲಿಸಿರುವುದರಿಂದ ಕಂಪ್ಯೂಟರ್ ಕೂಡ 512 ಎಂದೇ ತೋರಿಸುತ್ತದೆ. ಕಾಪಿ ಮಾಡುವಾಗಲೂ ತಕರಾರಿಲ್ಲ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ, ಇಲ್ಲವೇ ಮೊದಲಿದ್ದದ್ದರ ಮೇಲೇ ಬರೆಯಲ್ಪಡುತ್ತದೆ. ಹೆಸರಿನ ಪಟ್ಟಿ ಪೂರ್ತಿ ಕಾಣುತ್ತದೆ, ಹಾಡು ಮಾತ್ರ ಓಡುವುದಿಲ್ಲ. ನೋಡಿದವರಿಗೆ ಪ್ಲೇಯರ್ ಕೆಟ್ಟಂತೆ ಅನಿಸುವುದು ಸಹಜ.

ಇದಕ್ಕೆ ಒಂದೇ ಪರೀಕ್ಷೆ: ಇಡೀ ಕಾರ್ಡನ್ನು ತುಂಬಿಸಿ ಮತ್ತೆ ಓದಿಸುವುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಖಾಲಿ ಕಾರ್ಡ್ ಹಾಕಿ, ಪೂರ್ತಿ ಜಾಗ ಆರಿಸಿ, ಶುರು ಮಾಡಿ ಊಟಕ್ಕೆ ಏಳಿ. 32 ಜಿಬಿಗೆ ಒಂದು ತಾಸು ಹಿಡಿಯಬಹುದು, ನಿಧಾನದ ಕಾರ್ಡ್ ರೀಡರ್ ಆದರೆ ಇನ್ನೂ ಹೆಚ್ಚು. ಕೊನೆಗೆ ದೋಷವಿಲ್ಲ ಎಂದು ಬಂದರೆ ಕಾರ್ಡ್ ಸಾಚಾ. 32 ಎಂದು ಬರೆದ ಕಾರ್ಡ್ ಕಂಪ್ಯೂಟರಿನಲ್ಲಿ 29ರ ಆಸುಪಾಸು ತೋರಿಸುವುದು ಮಾತ್ರ ಮೋಸವಲ್ಲ, ಎಣಿಸುವ ಕ್ರಮ ಬೇರೆ ಅಷ್ಟೇ. ಕಾರ್ಡಿನ ಬಿಲ್ಲನ್ನು ಪರೀಕ್ಷೆ ಮುಗಿಯುವವರೆಗೆ ಎಸೆಯಬೇಡಿ.

## ಹಂತ 5: ಪರೀಕ್ಷೆಯ ಕಾರ್ಡ್ ಸಿದ್ಧ ಮಾಡಿ

ಅಂಗಡಿಯವರು ತಮ್ಮ ಕಾರ್ಡ್ ಹಾಕಿ ತೋರಿಸುವ ಹಾಡು ಯಾವಾಗಲೂ ಧಡಧಡ ಡಿಜೆ. ಅದರಲ್ಲಿ ಯಾವ ಪ್ಲೇಯರಿನ ಹುಳುಕೂ ಹೊರಗೆ ಬರುವುದಿಲ್ಲ. ಆದ್ದರಿಂದ ಕಾರ್ಡ್ ನಿಮ್ಮದಿರಬೇಕು, ಅದರೊಳಗೆ ಹುಳುಕು ಹುಡುಕುವ ಫೈಲುಗಳಿರಬೇಕು.

ಮೂರು ಫೋಲ್ಡರ್ ಮಾಡಿ: 1-ಭಜನಾ, 2-ಲಾವಣಿ, 10-ಪ್ರವಚನ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಬೇಕೆಂದೇ ಉಲ್ಟಾ ಕ್ರಮದಲ್ಲಿ ಕಾಪಿ ಮಾಡಿ, ಮೊದಲು 10, ಆಮೇಲೆ 2, ಕೊನೆಗೆ 1. ಅಂಗಡಿಯಲ್ಲಿ ಪ್ಲೇಯರ್ ಮೊದಲು ಪ್ರವಚನ ಹಚ್ಚಿದರೆ ಅದು ಹೆಸರು ನೋಡುವುದಿಲ್ಲ, ಕಾಪಿಯಾದ ಕ್ರಮದಲ್ಲಿ ಓಡುತ್ತದೆ ಎಂದರ್ಥ. 1, 10, 2 ಎಂದು ಹೋದರೆ ಹೆಸರು ನೋಡುತ್ತದೆ, ಎಣಿಕೆ ಬರುವುದಿಲ್ಲ. ಮುಂದೆ ನೀವು 01, 02, 10 ಎಂದು ಬರೆದರಾಯಿತು. 1, 2, 10 ಎಂದು ಓಡಿದರೆ ಬುದ್ಧಿಯಿರುವ ಪ್ಲೇಯರ್. ಮೂರೂ ನಡೆಯುತ್ತವೆ, ಯಾವುದು ಎಂದು ಗೊತ್ತಿದ್ದರೆ ಸಾಕು.

ಭಜನಾ ಫೋಲ್ಡರಿನಲ್ಲಿ 128ರದ್ದೊಂದು, 320ರದ್ದೊಂದು ಎಂಪಿ3, ಒಂದು ಎಂ4ಎ, ಬೇಕಿದ್ದವರು ಒಂದು ಫ್ಲ್ಯಾಕ್ ಇಡಿ. ಲಾವಣಿಯದರಲ್ಲಿ ಒಂದು ಫೈಲಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಅಗ್ಗದ ಪರದೆಗಳಲ್ಲಿ ಅದು ಚೌಕವಾಗಿಯೋ ಪ್ರಶ್ನಾರ್ಥಕ ಚಿಹ್ನೆಯಾಗಿಯೋ ಕಾಣುತ್ತದೆ, ಕೆಲವು ಪ್ಲೇಯರ್‌ಗಳು ಅಂಥ ಫೈಲನ್ನು ಬಿಟ್ಟೇ ಮುಂದೆ ಹೋಗುತ್ತವೆ. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬರೆದ ಹೆಸರುಗಳಂತೂ ಎಲ್ಲಿಯೂ ಓದಲು ಬರುವುದಿಲ್ಲ, ಅವನ್ನು ಮೊದಲೇ ತಿದ್ದಿ.

ಎಲ್ಲಕ್ಕಿಂತ ಮುಖ್ಯವಾದದ್ದು ತಂಬೂರಿಯಿಂದ ಶುರುವಾಗುವ ಒಂದು ನಿಧಾನದ ಆಲಾಪ. ತಂಬೂರಿಯ ಹಿಂದೆ ಪ್ಲೇಯರಿನ ಸೊಂಯ್ ಎನ್ನುವ ಸದ್ದು, ಕರಕರ, ಬಿಟ್ಟು ಬಿಟ್ಟು ಕೇಳುವುದು ಎಲ್ಲ ಬೆತ್ತಲಾಗುತ್ತದೆ. ಅದರ ಜೊತೆಗೆ ಹಾಡುಗಾರರ ದನಿ ನಡುವೆ, ವಾದ್ಯ ಅಕ್ಕಪಕ್ಕ ಕೇಳುವ ಒಂದು ಸ್ಟೀರಿಯೋ ಹಾಡು ಇರಲಿ. ಯಾಕೆಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಉಳಿದ ಜಾಗಕ್ಕೆ ನಿಮ್ಮ ಹಾಡುಗಳನ್ನೆಲ್ಲ ತುಂಬಿ. ಹತ್ತು ಹಾಡಿದ್ದಾಗ ಚುರುಕಾಗಿರುವ ಪ್ಲೇಯರ್ ಎರಡು ಸಾವಿರ ಹಾಡು ಕಂಡಾಗ ನಿಮಿಷಗಟ್ಟಲೆ ಒದ್ದಾಡಬಹುದು.

## ಹಂತ 6: ಅಂಗಡಿಯ ಕಟ್ಟೆಯ ಮೇಲೆ ಪರೀಕ್ಷೆ

ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿ ಇರಲಿ, ವಿಜಯಪುರದ ಶಾಸ್ತ್ರಿ ಮಾರ್ಕೆಟ್ ಇರಲಿ, ಸಂಜೆಯ ಗದ್ದಲದಲ್ಲಿ ಹೋಗಬೇಡಿ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಅವರಿಗೂ ಪುರುಸೊತ್ತು, ಕಿವಿಗೂ ಶಾಂತಿ.

“ಅಣ್ಣಾರ, ಇದರಾಗ ಎಲ್ಲಾ ನಡೀತೈತ್ರಿ” ಎನ್ನುವುದು ಉತ್ತರವಲ್ಲ. “ನನ್ನ ಕಾರ್ಡ್ ಹಾಕಿ ಒಂದೀಟು ನೋಡ್ತೀನ್ರಿ” ಎನ್ನಿ. ಪ್ಯಾಕ್ ಒಡೆದ ಒಂದು ಪೀಸಾದರೂ ಇದ್ದೇ ಇರುತ್ತದೆ. ಯಾವುದನ್ನೂ ಮುಟ್ಟಗೊಡದ ಅಂಗಡಿಯಿಂದ ಎದ್ದು ಬನ್ನಿ. ನೋಡಿ ಒಪ್ಪಿದ ಪೀಸನ್ನೇ ಕೇಳಿ ತಗೊಳ್ಳಿ. ಹೊಸ ಪ್ಯಾಕ್ ಕೊಟ್ಟರೆ ಅದಕ್ಕೂ ಮುಂದೆ ಹೇಳುವ ಜಾಕ್ (ಇಯರ್‌ಫೋನ್ ಕಿಂಡಿ) ಪರೀಕ್ಷೆಯಾದರೂ ಆಗಬೇಕು.

ಮೊದಲು ಕಾರ್ಡ್ ಇಲ್ಲದೆ, ನಿಮ್ಮ ಇಯರ್‌ಫೋನ್ ಸಿಕ್ಕಿಸಿ ಆನ್ ಮಾಡಿ. ಆನ್ ಆಗುವಾಗ ಕಿವಿಗೆ ಫಟ್ ಎಂದು ಹೊಡೆದರೆ ಅದು ಒಳ್ಳೆಯ ಲಕ್ಷಣವಲ್ಲ. ಬಳಿಕ ಕಾರ್ಡ್ ಹಾಕಿ. ಬೆರಳಿಗೆ ಟಕ್ ಎಂದು ಕೂತದ್ದು ತಿಳಿಯಬೇಕು, ಮತ್ತೆ ಒತ್ತಿದರೆ ಹೊರಬರಬೇಕು. ಉಗುರು ಹಾಕಿ ಕೀಳಬೇಕಾದ ಕಿಂಡಿ ವರ್ಷ ಬಾಳುವುದಿಲ್ಲ.

ಆಲಾಪ ಹಚ್ಚಿ, ವಾಲ್ಯೂಮನ್ನು ಕೇಳಿಸುವ ಕನಿಷ್ಠಕ್ಕೆ ತನ್ನಿ. ಇಲ್ಲಿ ಎರಡು ತೊಂದರೆ ಸಿಗುತ್ತವೆ. ಒಂದು, ಹಿಂದಿನ ಸೊಂಯ್ ಸದ್ದು. ಇನ್ನೊಂದು, ವಾಲ್ಯೂಮ್ 1 ಇಟ್ಟರೂ ಜೋರು, 0 ಇಟ್ಟರೆ ಪೂರ್ತಿ ಬಂದ್. ರಾತ್ರಿ ಮಲಗುವಾಗ ಕೇಳುವವರಿಗೆ ಇದು ನಿತ್ಯದ ಕಿರಿಕಿರಿ.

ಆಮೇಲೆ ಸ್ಟೀರಿಯೋ ಹಾಡು ಹಚ್ಚಿ, ಇಯರ್‌ಫೋನ್ ಪಿನ್ನನ್ನು ಜಾಕಿನೊಳಗೇ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಒಂದು ಕಿವಿ ಬಿಟ್ಟು ಬಿಟ್ಟು ಬಂದರೆ ಬೆಸುಗೆ ಸಡಿಲ. ವಾದ್ಯವೆಲ್ಲ ಕೇಳಿಸಿ ಹಾಡುಗಾರರ ದನಿ ಮಾತ್ರ ದೂರದ ಬಾವಿಯೊಳಗಿಂದ ಬಂದಂತಾದರೆ ಪಿನ್ನಿನ ಗ್ರೌಂಡ್ ಸರಿಯಾಗಿ ತಾಗುತ್ತಿಲ್ಲ. ಎರಡೂ ಕಡೆ ಸಮನಾಗಿರುವ ದನಿ ಒಂದನ್ನೊಂದು ಕಳೆದುಕೊಂಡು ಅಕ್ಕಪಕ್ಕದ ವಾದ್ಯವಷ್ಟೇ ಉಳಿಯುವುದು ಆಗ. ಇಂಥ ಪ್ಲೇಯರ್ ಮನೆಗೆ ತಂದವರು “ಹಾಡು ಸರಿಯಾಗಿ ಡೌನ್‌ಲೋಡ್ ಆಗಿಲ್ಲ” ಎಂದು ಹಾಡನ್ನೇ ದೂರುತ್ತಾರೆ. ಪಿನ್ ಒರೆಸಿ, ಪೂರ್ತಿ ಒತ್ತಿ ನೋಡಿ. ಆಗಲೂ ಹಾಗೇ ಇದ್ದರೆ ಬೇರೆ ಪೀಸು ಕೇಳಿ.

ನಿಂತಲ್ಲಿಂದ ಮುಂದುವರಿಯುವ ಪರೀಕ್ಷೆಯನ್ನು ಸರಿಯಾಗಿ ಮಾಡುವವರು ಕಡಿಮೆ. ಪ್ರವಚನದ ಫೈಲನ್ನು ಇಪ್ಪತ್ತನೆಯ ನಿಮಿಷದವರೆಗೆ ಓಡಿಸಿ, ಪಾಜ್ ಮಾಡದೆ ನೇರ ಆಫ್ ಮಾಡಿ. ಆನ್ ಮಾಡಿದಾಗ ಎಲ್ಲಿಂದ ಶುರುವಾಯಿತು ನೋಡಿ. ಇಷ್ಟಕ್ಕೇ ಬಿಡಬೇಡಿ. ನಡುವೆ ಒಂದು ಭಜನೆ ಕೇಳಿ ಮತ್ತೆ ಪ್ರವಚನಕ್ಕೆ ಹೋಗಿ. ಆಗಲೂ ಇಪ್ಪತ್ತನೆಯ ನಿಮಿಷ ನೆನಪಿಟ್ಟುಕೊಂಡಿರುವ ಪ್ಲೇಯರ್ ಅಪರೂಪ, ಸಿಕ್ಕರೆ ಬಿಡಬೇಡಿ. ಕೆಲವುಗಳಲ್ಲಿ ಇದಕ್ಕೆ ಬುಕ್‌ಮಾರ್ಕ್ ಗುಂಡಿಯಿರುತ್ತದೆ.

ಕಿಸೆಯಲ್ಲಿಟ್ಟಾಗ ಗುಂಡಿ ಒತ್ತಿಹೋಗದಂತೆ ಲಾಕ್ ಇದೆಯೇ ನೋಡಿ. ಬ್ಲೂಟೂತ್ ಬೇಕಿದ್ದವರು ತಮ್ಮದೇ ಇಯರ್‌ಬಡ್ ಒಯ್ದು ಜೋಡಿಸಿ, ಪ್ಲೇಯರನ್ನು ಹಿಂದಿನ ಕಿಸೆಯಲ್ಲಿಟ್ಟು ನಾಲ್ಕು ಹೆಜ್ಜೆ ಹಾಕಿ. ಪರದೆಯಿಲ್ಲದ ಬ್ಲೂಟೂತ್ ಪ್ಲೇಯರ್ ಹತ್ತಿರ ಸಿಕ್ಕಿದ್ದಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಬಸ್ಸಿನಲ್ಲಿ ನಿಮ್ಮ ಹಾಡು ಪಕ್ಕದವರ ಕಿವಿಗೆ.

ಕೊನೆಗೆ ಕೇಬಲ್ ಹಾಕಿ ಚಾರ್ಜ್ ಆಗುತ್ತದೆಯೇ ನೋಡಿ. ಟೈಪ್-ಸಿ ಕಿಂಡಿಯ ಕೆಲವು ಅಗ್ಗದ ಪ್ಲೇಯರ್‌ಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಚಾರ್ಜೇ ಆಗುವುದಿಲ್ಲ. ಚಾರ್ಜರಿಗೆ ಗುರುತು ಹೇಳುವ ಒಂದು ಸಣ್ಣ ರೆಸಿಸ್ಟರನ್ನು ತಯಾರಿಸುವವರು ಉಳಿಸಿರುತ್ತಾರೆ. ಅಗಲ ಯುಎಸ್‌ಬಿ ತುದಿಯ ಕೇಬಲಿನಲ್ಲಿ ಆಗುತ್ತದೆ. ನೀವು ಒಯ್ದ ಕೇಬಲಿನ ಕೆಲಸ ಇದೇ.

## ಹಂತ 7: ಡಬ್ಬಿ ಮತ್ತು ಬಿಲ್ಲು

ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ತಯಾರಾದ ದೇಶ, ದೂರಿಗೆ ಫೋನ್ ನಂಬರು ಇರಬೇಕು. ಬದಲಿಸುವ ಬ್ಯಾಟರಿಯಾದರೆ ಅದರ ಮೇಲೆ ಐಎಸ್ 16046 ಎಂಬ ಬ್ಯಾಟರಿ ಸುರಕ್ಷತೆಯ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ; ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಆ ನೋಂದಣಿ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಬಿಲ್ಲಿನಲ್ಲಿ ಮಾಡೆಲ್ ಹೆಸರು ಬರೆಸಿ. “ಎಂಪಿ3 ಒಂದು” ಎಂದು ಬರೆದ ಬಿಲ್ಲು ನಾಳೆ ಯಾವುದಕ್ಕೂ ಆಗುವುದಿಲ್ಲ.

ಆನ್‌ಲೈನಿನಲ್ಲಿ ತರಿಸಿದವರು ಪ್ಯಾಕ್ ಒಡೆಯುವುದನ್ನು ವಿಡಿಯೋ ಮಾಡಿಟ್ಟು, ಆರನೆಯ ಹಂತದ್ದೆಲ್ಲವನ್ನೂ ಅದೇ ದಿನ ಮನೆಯಲ್ಲಿ ಮಾಡಿ. ಹಿಂತಿರುಗಿಸುವ ಗಡುವು ಹಬ್ಬ, ಜಾತ್ರೆ ನೋಡಿ ನಿಲ್ಲುವುದಿಲ್ಲ.

## ಹಂತ 8: ಮನೆಗೆ ತಂದ ಮೇಲೆ ಮೊದಲ ವಾರ

ಪರೀಕ್ಷೆಯ ಕಾರ್ಡನ್ನು ಖಾಲಿ ಮಾಡಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಪ್ಲೇಯರಿನಲ್ಲೇ ಫಾರ್ಮ್ಯಾಟ್ ಇದ್ದರೆ ಅದನ್ನೇ ಬಳಸಿ. ಕಾಪಿ ಕ್ರಮದಲ್ಲಿ ಓಡುವ ಪ್ಲೇಯರ್ ನಿಮ್ಮದಾದರೆ ಫೋಲ್ಡರುಗಳನ್ನು ಒಂದೊಂದಾಗಿ, ಬೇಕಾದ ಸಾಲಿನಲ್ಲೇ ಕಾಪಿ ಮಾಡಿ. ಎಲ್ಲ ಆದ ಮೇಲೆ ಕಂಪ್ಯೂಟರಿನಲ್ಲಿ ಇಜೆಕ್ಟ್ ಒತ್ತಿಯೇ ಕಾರ್ಡ್ ತೆಗೆಯಿರಿ. ಹಾಗೆ ಮಾಡದೆ ಕಿತ್ತ ಕಾರ್ಡಿನ ಕೊನೆಯ ಹಾಡುಗಳು ಅರ್ಧಕ್ಕೇ ನಿಲ್ಲುತ್ತವೆ. ಹಾಡಿಗೆ ದೊಡ್ಡ ಚಿತ್ರ ಅಂಟಿಸಿದ್ದರೆ ಕೆಲವು ಪ್ಲೇಯರ್ ಆ ಹಾಡು ಬಂದಾಗ ತಟಸ್ಥವಾಗುತ್ತವೆ; ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಚಿತ್ರ ತೆಗೆದುಹಾಕಿ. ಮತ್ತೊಂದು ಪ್ರತಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ.

ಡಬ್ಬಿಯ ಮೇಲೆ ಬರೆದ ತಾಸುಗಳು ಪರದೆ ಆರಿಸಿ, ದನಿ ಸಣ್ಣಗಿಟ್ಟು, ತಂತಿಯಲ್ಲಿ ಕೇಳಿದಾಗಿನವು. ಬ್ಲೂಟೂತ್‌ನಲ್ಲಿ ಕಡಿಮೆ ಬರುವುದು ದೋಷವಲ್ಲ. ತಂತಿಯಲ್ಲೇ ಕೇಳಿದರೂ ಬರೆದದ್ದರ ಅರ್ಧಕ್ಕೇ ಮುಗಿದರೆ ಅದು ದೋಷ, ಮೊದಲ ವಾರದಲ್ಲೇ ಅಂಗಡಿಗೆ ಒಯ್ಯಿರಿ.

ಬಾಗಲಕೋಟೆ, ವಿಜಯಪುರದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರಿನ ಬಾನೆಟ್ ಮೇಲೆ, ಮುಚ್ಚಿದ ಕಾರಿನಲ್ಲಿ, ತಗಡಿನ ಶೀಟಿನ ಕೆಳಗೆ ಕಿಟಕಿಯಲ್ಲಿ ಪ್ಲೇಯರ್ ಬಿಟ್ಟು ಹೋಗಬೇಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜು ಮಾಡಿ ಇಡಿ, ಪೂರ್ತಿ ಖಾಲಿ ಮಾಡಿಟ್ಟರೆ ಮತ್ತೆ ಏಳದೆ ಹೋಗಬಹುದು.

ಕೆಲವು ಲಕ್ಷಣ ಕಂಡರೆ ಬಳಕೆ ನಿಲ್ಲಿಸಿ. ಚಾರ್ಜ್ ಮಾಡುವಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಹಿಂದಿನ ಮುಚ್ಚಳ ಕೂರದಿರುವುದು, ಪರದೆ ಒಂದು ಬದಿ ಎದ್ದಿರುವುದು: ಒಳಗೆ ಬ್ಯಾಟರಿ ಉಬ್ಬಿದೆ. ಅದನ್ನು ಒತ್ತಿ ಕೂರಿಸಲು, ಚುಚ್ಚಲು ಹೋಗಬೇಡಿ, ಮತ್ತೆ ಚಾರ್ಜಿಗೆ ಹಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಕಾರ್ಡ್ ಪದೇಪದೇ “ಫಾರ್ಮ್ಯಾಟ್ ಮಾಡಿ” ಎಂದು ಕೇಳತೊಡಗಿದರೆ ಅದು ಸಾಯುತ್ತಿದೆ, ಓದುತ್ತಿರುವಾಗಲೇ ಒಳಗಿನದನ್ನು ಹೊರತೆಗೆದುಕೊಳ್ಳಿ.

ವಾರಂಟಿಯೊಳಗೆ ಕೆಟ್ಟು, ಅಂಗಡಿಯವರೂ ಕಂಪನಿಯವರೂ ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ಲು, ಡಬ್ಬಿಯ ಮೇಲಿನ ಆಮದುದಾರರ ಹೆಸರು, ಮಾಡೆಲ್, ಕೊಂಡ ತಾರೀಕು ಎದುರಿಗೆ ಇಟ್ಟುಕೊಂಡೇ ಮಾಡಿ. ಅವರು ಮೊದಲು ಕೇಳುವುದು ಅವನ್ನೇ.